ಬಡಾವಣೆಯ ಗೇಟಿನಿಂದ ಬಸ್ ತಂಗುದಾಣದವರೆಗಿನ ಕಾಲುದಾರಿಗಾಗಿ ಹಿರಿಯ ನಾಗರಿಕರ ಮನವಿ

ಇವರಿಗೆ,
ಮಾನ್ಯ ಆಯುಕ್ತರು,
ಮಹಾನಗರ ಪಾಲಿಕೆ, ತುಮಕೂರು

ಇವರಿಂದ,
ನಿವೃತ್ತರ ಬಡಾವಣೆಯ ನಿವಾಸಿಗಳು,
ಬಿ.ಎಚ್. ರಸ್ತೆ, ತುಮಕೂರು

ವಿಷಯ: ಪಾದಚಾರಿ ಮಾರ್ಗದ ದುರಸ್ತಿ, ಉದ್ಯಾನದ ವೇಳೆ ಬದಲಾವಣೆ ಹಾಗೂ ಪತ್ರಿಕಾ ವಾಚನಾಲಯದ ಕುರಿತು.

ಮಾನ್ಯರೇ,

ಬಿ.ಎಚ್. ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ನಮ್ಮ ಬಡಾವಣೆಯಲ್ಲಿ ಇರುವವರು ಬಹುಪಾಲು ನಿವೃತ್ತರು. ಶಾಲೆಯಲ್ಲಿ ಪಾಠ ಹೇಳಿದವರು, ಅಂಚೆ ಇಲಾಖೆಯವರು, ಆಸ್ಪತ್ರೆಯ ದಾದಿಯರು, 2016ರಲ್ಲಿ ಮುಚ್ಚಿಹೋದ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಲ್ಲಿ ದುಡಿದವರು ಎಲ್ಲರೂ ಇದ್ದೇವೆ. ಮಕ್ಕಳು ಬೆಂಗಳೂರಿನಲ್ಲೋ ಅದಕ್ಕಿಂತ ದೂರದಲ್ಲೋ ನೆಲೆಸಿದ್ದಾರೆ. ಹಾಗೆಂದು ನಮ್ಮ ದಿನಗಳೇನೂ ಖಾಲಿಯಿಲ್ಲ. ಬೆಳಿಗ್ಗೆ ಪತ್ರಿಕೆ ಹಿಡಿದು ವಾದ, ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಎಷ್ಟು ಹರಿಯಿತು ಎಂಬ ಲೆಕ್ಕಾಚಾರ, ಮಧ್ಯಾಹ್ನ ಕೇರಂ, ಸಂಜೆ ವಚನ ಗಾಯನ, ಮನಸ್ಸು ಬಂದಾಗ ಸಿದ್ಧಗಂಗೆಗೆ ಹೋಗಿ ಬರುವ ದಾರಿಯಲ್ಲಿ ಕ್ಯಾತ್ಸಂದ್ರದ ತಟ್ಟೆ ಇಡ್ಲಿ. ಸಕ್ಕರೆ ಕಾಯಿಲೆಯವರೂ ಈ ಇಡ್ಲಿಯ ವಿಷಯದಲ್ಲಿ ವೈದ್ಯರ ಮಾತು ಕೇಳುವುದಿಲ್ಲ. ಆದರೆ ಇವುಗಳಲ್ಲಿ ಅರ್ಧಕ್ಕಾದರೂ ಮನೆಯಿಂದ ಹೊರಗೆ ಕಾಲಿಡಬೇಕು. ನಮಗೆ ತೊಡಕು ಶುರುವಾಗುವುದು ಅಲ್ಲಿಯೇ.

ಬಡಾವಣೆಯ ಗೇಟಿನಿಂದ ಬಸ್ ತಂಗುದಾಣಕ್ಕೆ ಸುಮಾರು 400 ಮೀಟರ್ ದೂರ. ಉದ್ಯಾನ, ಔಷಧಿ ಅಂಗಡಿ, ಬ್ಯಾಂಕ್ ಎಲ್ಲವೂ ಇದೇ ದಾರಿಯಲ್ಲಿವೆ. ಇಲ್ಲಿ ಪಾದಚಾರಿ ಮಾರ್ಗ ಇಲ್ಲವೆಂದಲ್ಲ, ಇದೆ. ಚರಂಡಿಯ ಮೇಲೆ ಹಾಸಿದ ಚಪ್ಪಡಿಗಳೇ ಆ ಮಾರ್ಗ. ಕೇಬಲ್ ಎಳೆಯಲು ಬಂದವರಾರೋ ಅವುಗಳನ್ನು ಎಬ್ಬಿಸಿ, ಮತ್ತೆ ಕೂರಿಸುವಾಗ ಒಂದನ್ನು ಮೇಲೆ ಇನ್ನೊಂದನ್ನು ಕೆಳಗೆ ಮಾಡಿ ಹೋಗಿದ್ದಾರೆ. ಕೆಲವು ಕಾಲಿಟ್ಟರೆ ಅಲುಗಾಡುತ್ತವೆ, ಎರಡು ಕಡೆ ಚಪ್ಪಡಿಯೇ ಇಲ್ಲ. ಇದು ಸಾಲದೆಂದು ಪ್ರತಿ ಮನೆಯವರೂ ಕಾರು ಹತ್ತಿಸಲು ಗೇಟಿನ ಮುಂದೆ ಇಳಿಜಾರು ಕಟ್ಟಿಕೊಂಡಿದ್ದಾರೆ. ಹತ್ತಿ ಇಳಿದು ಸುಸ್ತಾಗಿ ನಾವು ರಸ್ತೆಗೇ ಇಳಿಯುತ್ತೇವೆ, ಹಿಂದಿನಿಂದ ಬರುವ ದ್ವಿಚಕ್ರ ವಾಹನದವರಿಂದ ಬೈಸಿಕೊಳ್ಳುತ್ತೇವೆ. ನವೆಂಬರ್ ತಿಂಗಳಲ್ಲಿ ಪಿಂಚಣಿದಾರರೆಲ್ಲ ಬ್ಯಾಂಕಿಗೆ ಇದೇ ದಾರಿಯಲ್ಲಿ ಹೋಗುತ್ತಾರೆ. ಜೀವಂತವಾಗಿದ್ದೇವೆ ಎಂದು ಪ್ರಮಾಣಪತ್ರ ಕೊಡಲು ಹೊರಟವರು ದಾರಿಯಲ್ಲಿ ಬಿದ್ದು ಸೊಂಟ ಮುರಿದುಕೊಂಡರೆ ಏನು ಹೇಳೋಣ?

ಆಟೋದಲ್ಲಿ ಹೋಗಬಹುದಲ್ಲ ಎನ್ನುವವರಿದ್ದಾರೆ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಕನಿಷ್ಠ ಪಿಂಚಣಿ 2014ರಿಂದ ತಿಂಗಳಿಗೆ 1,000 ರೂಪಾಯಿ. ಕಾರ್ಖಾನೆಯಿಂದ ಬಂದ ಕೆಲವರಿಗೆ ಅದರ ಆಸುಪಾಸಿನ ಹಣವೇ ಕೈಗೆ ಬರುತ್ತಿದೆ. ಇತ್ತ ಸಾರಿಗೆ ಬಸ್ಸಿನಲ್ಲಿ 2023ರ ಜೂನ್‌ನಿಂದ ಮಹಿಳೆಯರಿಗೆ ಟಿಕೆಟ್ ಇಲ್ಲ, 60 ದಾಟಿದ ಗಂಡಸರಿಗೆ ಶೇ 25 ರಿಯಾಯಿತಿ ಇದೆ. ಸರ್ಕಾರ ಕೊಟ್ಟ ಈ ಅನುಕೂಲ ಬಸ್ಸಿನ ಬಾಗಿಲವರೆಗೆ ತಲುಪಿದವರಿಗೆ ಮಾತ್ರ.

ಆದ್ದರಿಂದ ಹೊಸ ಟೈಲ್ಸ್, ಬಣ್ಣದ ಕಲ್ಲು, ಅಲಂಕಾರದ ಕಂಬ ಯಾವುದನ್ನೂ ನಾವು ಕೇಳುತ್ತಿಲ್ಲ. ಮಳೆ ಬಂದಾಗ ಜಾರುವ ನುಣುಪು ಟೈಲ್ಸ್ ದಯವಿಟ್ಟು ಬೇಡವೇ ಬೇಡ. ಭಾರತೀಯ ರಸ್ತೆ ಕಾಂಗ್ರೆಸ್‌ನ ಐಆರ್‌ಸಿ 103 ಮಾರ್ಗಸೂಚಿಯಲ್ಲಿ ಪಾದಚಾರಿಗೆ ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು, ಅಂಚಿನ ಎತ್ತರ 150 ಮಿಲಿಮೀಟರ್ ಮೀರಬಾರದು ಎಂದಿದೆ. ಈ 400 ಮೀಟರ್‌ಗೆ ಅಷ್ಟನ್ನು ಪಾಲಿಸಿದರೆ ಸಾಕು. ಮನೆಗಳ ಇಳಿಜಾರು ರಸ್ತೆಯಂಚಿನೊಳಗೆ ಮುಗಿಯಲಿ, ನಡೆಯುವ ಮಟ್ಟ ಒಂದೇ ಸಮನಾಗಿರಲಿ. ನಮ್ಮ ಬಡಾವಣೆಯ ಇಳಿಜಾರುಗಳಿಂದಲೇ ತೆರವು ಆರಂಭಿಸಿ, ಯಾರೂ ತಕರಾರು ಮಾಡುವುದಿಲ್ಲ. ಇದಕ್ಕೆ ಎಲ್ಲ ಮನೆಯವರ ಸಹಿ ಪಡೆದಿದ್ದೇವೆ.

ಒಂದು ಮಾತು ಇಲ್ಲಿಯೇ ಹೇಳಿಬಿಡಬೇಕು. ಪಾದಚಾರಿ ಮಾರ್ಗ ತೆರವು ಎಂದೊಡನೆ ಸೊಪ್ಪು ಮಾರುವ ಹೆಂಗಸನ್ನೂ ಹೂವಿನವರನ್ನೂ ಎತ್ತಂಗಡಿ ಮಾಡುವುದು ವಾಡಿಕೆ. ನಮ್ಮ ದಾರಿಗೆ ಅವರು ಅಡ್ಡಿಯಲ್ಲ. ಅವರು ಕೂರುವುದು ಬೇಲಿಯ ಪಕ್ಕ, ನಿತ್ಯ ಕೊಳ್ಳುವವರೂ ನಾವೇ. ಮನೆ ಕಟ್ಟುವವರು ಸುರಿದ ಜಲ್ಲಿ ಮತ್ತು ಮರಳು, ಅಡ್ಡಕ್ಕೆ ನಿಲ್ಲಿಸಿದ ಕಾರುಗಳು, ಇವೇ ನಿಜವಾದ ಅಡ್ಡಿ. ಬೀದಿ ಬದಿ ವ್ಯಾಪಾರಿಗಳ ಜೀವನೋಪಾಯ ಕಾಯಲು 2014ರ ಕಾಯ್ದೆಯೇ ಇದೆ. ಜಲ್ಲಿ ರಾಶಿಯನ್ನು ಕಾಯುವ ಕಾಯ್ದೆ ಯಾವುದೂ ನಮ್ಮ ಗಮನಕ್ಕೆ ಬಂದಿಲ್ಲ.

ತಂಗುದಾಣದ ಎದುರು ಬಿ.ಎಚ್. ರಸ್ತೆ ದಾಟುವುದು ಇನ್ನೂ ಕಷ್ಟ. ಅಲ್ಲಿ ಸಿಗ್ನಲ್ ಬೇಕು. ಪಾದಚಾರಿ ಸಿಗ್ನಲ್‌ನ ಸಮಯವನ್ನು ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ನಡಿಗೆಯ ಲೆಕ್ಕದಲ್ಲಿ ಇಡುತ್ತಾರೆ. ಆ ವೇಗದಲ್ಲಿ 14 ಮೀಟರ್ ದಾಟಲು 12 ಸೆಕೆಂಡು ಸಾಕು. ಊರುಗೋಲು ಹಿಡಿದು ಸೆಕೆಂಡಿಗೆ 0.7 ಮೀಟರ್ ಸಾಗುವವರಿಗೆ 20 ಸೆಕೆಂಡು ಬೇಕು. ಗಡಿಯಾರ ಜೋಡಿಸಿದ ಕೈಗಳು ಇಲ್ಲಿ ಹಲವು ಇರುವುದರಿಂದ ಈ 8 ಸೆಕೆಂಡನ್ನು ನಾವು ಹಗುರವಾಗಿ ಕಾಣುವುದಿಲ್ಲ. ಇದು ಸಂಚಾರ ಪೊಲೀಸರಿಗೆ ಸೇರಿದ ಕೆಲಸ ಎಂಬುದು ಗೊತ್ತಿದೆ. ಆದರೂ ತಮ್ಮ ಕಚೇರಿಯಿಂದ ಪತ್ರ ಹೋದರೆ ಅದರ ತೂಕವೇ ಬೇರೆ. ತಂಗುದಾಣದ ಬಳಿ ಶೌಚಾಲಯವೂ ಬೇಕು. ಅದಿಲ್ಲದ ಕಾರಣಕ್ಕೆ ಹೊರಡುವ ಮುನ್ನ ನೀರು ಕುಡಿಯುವುದನ್ನೇ ಬಿಡುವ ಹೆಂಗಸರು ನಮ್ಮಲ್ಲಿದ್ದಾರೆ. ಬೇಸಿಗೆಯಲ್ಲಿ ಅದರ ಪರಿಣಾಮ ಏನೆಂದು ನಮ್ಮ ನಿವೃತ್ತ ದಾದಿಯರು ದಿನವೂ ಹೇಳುತ್ತಿರುತ್ತಾರೆ.

ಉದ್ಯಾನದ ಮಾತು ಚಿಕ್ಕದು, ಖರ್ಚಿಲ್ಲದ್ದು. ಅದು ಬೆಳಿಗ್ಗೆ 9 ಗಂಟೆಗೆ ಮುಚ್ಚಿ ಸಂಜೆ ತೆರೆಯುತ್ತದೆ. ಓಡುವವರಿಗೆ ಅದು ಸರಿ. ಮಾರ್ಗಶಿರ, ಪುಷ್ಯದ ಚಳಿಯಲ್ಲಿ ಕೀಲು ನೋವಿರುವವರು ನಸುಕಿನಲ್ಲಿ ಹೊರಗೆ ಬರಲಾರರು, ಅವರಿಗೆ ಬೇಕಾದದ್ದು ಎಳೆಬಿಸಿಲು. 11 ಗಂಟೆಯವರೆಗೆ ಗೇಟು ತೆರೆದಿರಲಿ. ಬೀಗ ಹಾಕುವ ಹೊಣೆಯನ್ನು ನಾವೇ ಸರದಿಯಂತೆ ಹೊರುತ್ತೇವೆ. ಕಲ್ಲುಬೆಂಚುಗಳಿಗೆ ಒರಗುವ ಬೆನ್ನು ಮತ್ತು ಏಳುವಾಗ ಹಿಡಿಯಲು ಕೈ ಇರಬೇಕು.

ಕೊನೆಯದಾಗಿ ವಾಚನಾಲಯ. ಏಪ್ರಿಲ್‌ನಲ್ಲಿ ಕಟ್ಟಿದರೆ ಸಿಗುವ ಶೇ 5 ರಿಯಾಯಿತಿಗಾಗಿ ಆಸ್ತಿ ತೆರಿಗೆಯನ್ನು ತಿಂಗಳ ಮೊದಲ ವಾರವೇ ಕಟ್ಟುವವರು ನಾವು. ಆ ರಸೀದಿಯಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಶೇ 6ರ ಗ್ರಂಥಾಲಯ ಕರವೂ ಸೇರಿರುತ್ತದೆ. ಉದ್ಯಾನದ ಮೂಲೆಯಲ್ಲಿ ಪಂಪ್ ತೆಗೆದ ಮೇಲೆ ಬರಿದಾಗಿ ನಿಂತ ಒಂದು ಕೋಣೆಯಿದೆ. ಅದನ್ನು ಗ್ರಂಥಾಲಯ ಇಲಾಖೆಗೆ ಬಿಟ್ಟುಕೊಟ್ಟರೆ ನಾಲ್ಕು ಪತ್ರಿಕೆ, ಎರಡು ವಾರಪತ್ರಿಕೆ, ಒಂದು ಮೇಜಿಗೆ ಜಾಗ ಸಾಲುತ್ತದೆ. ಮೊಬೈಲ್‌ನಲ್ಲಿ ಸುದ್ದಿ ಓದಿ ಎಂದು ಮೊಮ್ಮಕ್ಕಳು ಹೇಳುತ್ತಾರೆ. ಓದುತ್ತೇವೆ. ಆದರೆ ಜಗಳವಾಡಲು ಎದುರಿಗೆ ಒಬ್ಬರು ಬೇಕು, ಪತ್ರಿಕೆಯೂ ಬೇಕು. ಪುಸ್ತಕಗಳನ್ನು ನಮ್ಮ ಮನೆಗಳಿಂದಲೇ ಕೊಡುತ್ತೇವೆ.

ಇವುಗಳಲ್ಲಿ ಒಂದನ್ನೇ ಮಾಡಲು ಸಾಧ್ಯವೆಂದಾದರೆ ಕಾಲುದಾರಿಯನ್ನೇ ಮೊದಲು ಕೈಗೆತ್ತಿಕೊಳ್ಳಿ. ಅಂದಾಜುಪಟ್ಟಿ ತಯಾರಿಸುವ ಮುನ್ನ ವಾರ್ಡಿನ ಇಂಜಿನಿಯರ್ ಅವರು ಒಮ್ಮೆ ಬಂದು, ವಾಕರ್ ಹಿಡಿದ ನಮ್ಮವರೊಬ್ಬರ ಜೊತೆ ಗೇಟಿನಿಂದ ತಂಗುದಾಣದವರೆಗೆ ಹೋಗಬೇಕೆಂದು ಕೋರುತ್ತೇವೆ. ಯಾವ ದಿನವಾದರೂ ಆಗಬಹುದು, ಮುಂಚೆ ತಿಳಿಸಿದರೆ ಒಳಿತು. ಹಾಳಾದ ಚಪ್ಪಡಿಗಳಿಗೆ ಸುಣ್ಣದಿಂದ ಸಂಖ್ಯೆ ಬರೆದು, ನಕ್ಷೆಯನ್ನು ಈ ಮನವಿಗೆ ಲಗತ್ತಿಸಿದ್ದೇವೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿಗಳು,
ಬಡಾವಣೆಯ ನಿವಾಸಿಗಳು (ಸಹಿಗಳನ್ನು ಲಗತ್ತಿಸಿದೆ)

ಪ್ರತಿ: ಸಂಚಾರ ಪೊಲೀಸ್ ಠಾಣೆ ಹಾಗೂ ನಗರ ಕೇಂದ್ರ ಗ್ರಂಥಾಲಯ, ತುಮಕೂರು – ಮಾಹಿತಿ ಮತ್ತು ಸೂಕ್ತ ಕ್ರಮಕ್ಕಾಗಿ