40 ನಿಮಿಷದ ಸವಾರಿ

ಪ್ರಿಯ ಬಂಧುಗಳೇ,

ಸೆಪ್ಟೆಂಬರಿನಲ್ಲಿ ಸಂಘದವರೆಲ್ಲ ಸೇರಿ ಸೈಕಲ್ ಸವಾರಿ ಹೋಗೋಣ ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ತುಂಬಾ ಜನ ಹೆಸರು ಕೊಟ್ಟಿದ್ದೀರಿ, ಖುಷಿಯಾಯಿತು. ಆದರೆ ಒಬ್ಬ ತಾಯಿ ಫೋನ್ ಮಾಡಿ, "ನೀವೆಲ್ಲ ಹೋಗಿ ಬನ್ನಿ, ನಮ್ಮ ಮಗನ್ನ ಕಟ್ಕೊಂಡು ಅದೆಲ್ಲ ಆಗಲ್ಲ" ಅಂದರು. ಈ ಮಾತನ್ನು ನಾನೂ ಎಷ್ಟೋ ವರ್ಷ ಆಡಿದ್ದೇನೆ. ಅದಕ್ಕೇ ಈ ಸಲ ಬೇರೆ ಏನೂ ಬರೆಯಲು ಮನಸ್ಸು ಬರಲಿಲ್ಲ.

ನಮ್ಮ ಮಗಳಿಗೆ 9 ವರ್ಷ. ಸೆರೆಬ್ರಲ್ ಪಾಲ್ಸಿ ಇದೆ, ಅಂದರೆ ಮಿದುಳಿಗಾದ ಹಾನಿಯಿಂದ ಸ್ನಾಯುಗಳು ಹಿಡಿತಕ್ಕೆ ಬರುವುದಿಲ್ಲ. ನಡೆಯುವುದಿಲ್ಲ, ಮಾತು ಕಡಿಮೆ, ನಗು ಜಾಸ್ತಿ. ಓರಗೆಯ ಮಕ್ಕಳೆಲ್ಲ ಸೈಕಲ್ಲಿನಲ್ಲೇ ಶಾಲೆಗೆ ಹೋಗುವ ಈ ನೆದರ್‌ಲ್ಯಾಂಡ್ಸಿನಲ್ಲಿ ಅವಳು ಕಾರಿನ ಕಿಟಕಿಯಿಂದ ಅವರನ್ನು ನೋಡುತ್ತಿದ್ದಳು. ಹೋದ ವರ್ಷ ಮೂರು ಗಾಲಿಯ ಒಂದು ಸೈಕಲ್ ಬಾಡಿಗೆಗೆ ಸಿಕ್ಕಿತು. ಮುಂದೆ ಮಗುವಿನ ಕುರ್ಚಿ, ಹಿಂದೆ ತುಳಿಯುವವರು. ಇಂಥ ಸೈಕಲ್ ಮಾಡುವ ವಾನ್ ರಾಮ್ ಕಂಪನಿ ಇಲ್ಲಿಯದೇ, ವಾರ್ಸೆವೆಲ್ಡ್ ಊರಿನದು. ಬೆಲೆ ಜಾಸ್ತಿ. ಕೊಳ್ಳುವ ಮುಂಚೆ ಬಾಡಿಗೆಗೆ ತಂದು ನೋಡಿ. ಇಲ್ಲಿಯ ಸಾಮಾಜಿಕ ನೆರವಿನ ಕಾಯ್ದೆಯಾದ ವೇಎಮ್‌ಓ ಅಡಿ ನಿಮ್ಮ ಊರಿನ ಖೆಮೇಂತೆಗೆ, ಅಂದರೆ ಪುರಸಭೆಗೆ, ಅರ್ಜಿಯನ್ನೂ ಹಾಕಬಹುದು.

ಮೊದಲ ಸಲ ನಾವು ನಕ್ಷೆ ಹರಡಿಕೊಂಡು ಕೂತೆವು. ಚೆಂದದ ದಾರಿ ಹುಡುಕಿದೆವು, 45 ಕಿಲೋಮೀಟರ್. ಬಿಸಿಲಿತ್ತು. ನನ್ನವರು ತುಳಿದು ತುಳಿದು ಬೆವೆತು ಜಾಕೆಟ್ ಬಿಚ್ಚಿದರು. 12ನೇ ಕಿಲೋಮೀಟರಿನಲ್ಲಿ ಮಗಳು ಅಳೋಕೆ ಶುರು ಮಾಡಿದಳು. ಶೂ ತೆಗೆದು ಮುಟ್ಟಿದರೆ ಪಾದ ಮಂಜುಗಡ್ಡೆ. ಕಾಲೆರಡೂ ಬಿಗಿದು ಕತ್ತರಿಯ ಹಾಗೆ ಒಂದರ ಮೇಲೊಂದು ಏರಿದ್ದವು. ತುಳಿಯುವವರಿಗೆ ಸೆಕೆ, ಮುಂದೆ ಅಲುಗಾಡದೆ ಗಾಳಿಗೆ ಎದೆಯೊಡ್ಡಿ ಕೂತವಳಿಗೆ ಚಳಿ. ಚಳಿಗೆ ಅವಳ ಸ್ನಾಯು ಇನ್ನೂ ಬಿಗಿಯುತ್ತೆ. ಮನೆಯಲ್ಲಿ ಗೊತ್ತಿದ್ದ ವಿಷಯವೇ, ದಾರಿಯಲ್ಲಿ ಹೊಳೆಯಲಿಲ್ಲ. ಹತ್ತಿರದ ಕೆಫೆಗೆ ಹೋದರೆ ಗಾಲಿಕುರ್ಚಿಯ ಟಾಯ್ಲೆಟ್ಟಿನ ತುಂಬ ಕುರ್ಚಿ ಪೇರಿಸಿಟ್ಟಿದ್ದರು. ಅಲ್ಲಿಂದಲೇ ವಾಪಸ್ ಬಂದೆವು. ಸಂಜೆ ವಿಡಿಯೋ ಕಾಲಿನಲ್ಲಿ ನಮ್ಮತ್ತೆ, "ಮಗೂನ ಯಾಕಮ್ಮ ಅಷ್ಟು ದೂರ ಎಳ್ಕೊಂಡು ಹೋಗ್ತೀರಿ" ಅಂತ ಕಣ್ಣೀರು ಹಾಕಿದರು.

ಅವಳ ಫಿಸಿಯೋಥೆರಪಿಸ್ಟ್ ಒಂದೇ ಪ್ರಶ್ನೆ ಕೇಳಿದರು: ನೋವಿಲ್ಲದೆ ಒಂದೇ ಸಮ ಎಷ್ಟು ಹೊತ್ತು ಕೂರುತ್ತಾಳೆ? ವಾರವಿಡೀ ಗಡಿಯಾರ ಇಟ್ಟು ನೋಡಿದೆವು. 40 ನಿಮಿಷ.

ಇಡೀ ಪ್ಲ್ಯಾನ್ ಆ 40 ನಿಮಿಷದಿಂದಲೇ ಹುಟ್ಟಿತು. ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ಹೋದರೆ 40 ನಿಮಿಷಕ್ಕೆ 8 ಕಿಲೋಮೀಟರ್. ಅಷ್ಟಕ್ಕೆ ನಿಲ್ಲಬೇಕು, ಚಾಪೆ ಹಾಸಿ ಅವಳನ್ನು ಅರ್ಧ ಗಂಟೆ ಮಲಗಿಸಬೇಕು, ಕಾಲು ನೀವಬೇಕು. ದಿನಕ್ಕೆ ಇಂಥ ಮೂರು ತುಂಡು, ಒಟ್ಟು 24 ಕಿಲೋಮೀಟರ್. ನಿಲ್ಲುವ ಕಡೆಗಳಿಗೆಲ್ಲ ಮೊದಲೇ ಫೋನ್ ಮಾಡಿದೆ. ಟಾಯ್ಲೆಟ್ ಇದೆಯಾ ಅಂತ ಕೇಳಿದರೆ ಎಲ್ಲರೂ ಇದೆ ಅಂತಾರೆ. ಬಾಗಿಲು ಎಷ್ಟು ಅಗಲ, ಒಳಗೆ ಸಾಮಾನು ಇಟ್ಟಿದ್ದೀರಾ, ಇವತ್ತೇ ಒಮ್ಮೆ ನೋಡಿ ಹೇಳ್ತೀರಾ ಅಂತ ಕೇಳಬೇಕು. ಸೈಕಲ್ಲಿನ ಅಗಲವನ್ನೂ ಟೇಪಿನಲ್ಲಿ ಅಳೆದುಕೊಳ್ಳಿ. ಕೆಲವು ದಾರಿಗಳಲ್ಲಿ ಕಾರು ಬಾರದಿರಲಿ ಅಂತ ಕಂಬ ನೆಟ್ಟಿರುತ್ತಾರೆ, ಮೂರು ಗಾಲಿ ಅದರ ನಡುವೆ ಸಿಕ್ಕಿಕೊಳ್ಳುತ್ತೆ.

ಇಲ್ಲಿ ಜಾಸ್ತಿ ಬೀಸುವುದು ನೈಋತ್ಯದ ಗಾಳಿ. ಹೋಗುವಾಗ ಅದಕ್ಕೆ ಎದುರಾಗಿ ಹೋಗಿಬಿಟ್ಟರೆ, ಮಗು ದಣಿದಿರುವ ವಾಪಸ್ ದಾರಿಯಲ್ಲಿ ಗಾಳಿ ಬೆನ್ನಿಗಿರುತ್ತೆ. ಕಾಡು, ಬಯಲುಗಳ ವೇಲುವೆ ಪ್ರದೇಶದ ಕಡೆ ಏರು ಇದೆ, ಮೋಟಾರು ಬೇಕೇ ಬೇಕು. ಬ್ಯಾಟರಿ ಅರ್ಧಕ್ಕೆ ಇಳಿಯುವ ಮುಂಚೆ ತಿರುಗಿಬಿಡಿ. ಇಟ್ಟಿಗೆ ಹಾಸಿದ ರಸ್ತೆ ಕುಲುಕುತ್ತೆ, ಡಾಂಬರಿನ ದಾರಿಯನ್ನೇ ಹುಡುಕಿ. ಮಗುವಿಗೆ ನಮಗಿಂತ ಎರಡು ಪದರ ಬಟ್ಟೆ ಜಾಸ್ತಿ, ಕಾಲಿಗೆ ಕಂಬಳಿ ಚೀಲ, ಫ್ಲಾಸ್ಕಿನಲ್ಲಿ ಬಿಸಿನೀರು, ನುಣ್ಣಗೆ ಕಲಸಿದ ಮೊಸರನ್ನ. ಫಿಟ್ಸ್ ಔಷಧಿ ಸೈಕಲ್ಲಿನ ಪೆಟ್ಟಿಗೆಯಲ್ಲಿ ಬೇಡ, ನಿಮ್ಮ ಸೊಂಟದ ಚೀಲದಲ್ಲೇ ಇರಲಿ.

ಇಷ್ಟೆಲ್ಲ ಮಾಡಿಕೊಂಡು ಆಗಸ್ಟಿನಲ್ಲಿ ಮತ್ತೆ ಹೋದೆವು. ವೇಲುವೆಯ ಬಯಲು ಹೀದರ್ ಹೂವಿನಿಂದ ನೇರಳೆಯಾಗಿತ್ತು. ಇಲ್ಲಿ ಸೈಕಲ್ ದಾರಿಗಳು ಕೂಡುವ ಕಡೆಗೆಲ್ಲ ಒಂದೊಂದು ನಂಬರು ಇರುತ್ತಲ್ಲ, ಕ್ನೋಪ್‌ಪುಂಟ್ ಅಂತಾರೆ. ನಮ್ಮ ದಾರಿಯ ನಂಬರುಗಳನ್ನು ದಪ್ಪಗೆ ಬರೆದು ಅವಳ ಮುಂದಿನ ಟ್ರೇಗೆ ಅಂಟಿಸಿದ್ದೆ. ದೂರದಲ್ಲಿ ಆ ನಂಬರು ಕಂಡ ಕೂಡಲೇ ಮುಷ್ಟಿಯಿಂದ ಟ್ರೇ ಬಡಿಯುತ್ತಿದ್ದಳು. ಒಂದು ಕಡೆ ಅವಳಪ್ಪ ಮಾತಾಡುತ್ತಾ ತಿರುವು ದಾಟಿ ಮುಂದೆ ಹೋದರು. ಬಡಿದಳು. ಇವರು ನಿಲ್ಲಿಸಲಿಲ್ಲ. ಇನ್ನೂ ಜೋರಾಗಿ ಬಡಿದಳು. ಹಿಂದಿರುಗಿ ನೋಡಿದರೆ ಅವಳೇ ಸರಿ. ಆಮೇಲೆ ಸಂಜೆಯವರೆಗೂ ದಾರಿ ತೋರಿಸಿದ್ದು ಅವಳೇ.

ಸಂಘದ ಸವಾರಿ ಹೋಖೆ ವೇಲುವೆ ಪಾರ್ಕಿನಲ್ಲಿ ಇಟ್ಟುಕೊಳ್ಳೋಣ ಅಂತಿದ್ದೇವೆ. ಒಳಗೆ ಬಿಳಿ ಸೈಕಲ್ಲುಗಳು ಪುಕ್ಕಟೆ ಸಿಗುತ್ತವೆ, ಸೈಕಲ್ ಇಲ್ಲದವರೂ ಬರಬಹುದು. ಮುಂದೆ ಕುರ್ಚಿ ಇರುವ ಒಂದು ಸೈಕಲ್ಲನ್ನು ಸಂಘದ ಖರ್ಚಿನಲ್ಲಿ ತರುತ್ತೇವೆ. ತುಳಿಯಲು ಸರದಿಯ ಮೇಲೆ ನಾಲ್ಕು ಜನ ಬೇಕು, ಹೆಸರು ಕೊಡಿ. ನೋಂದಣಿ ಫಾರಂನಲ್ಲಿ ಹೊಸದಾಗಿ ಒಂದು ಸಾಲು ಸೇರಿಸಿದ್ದೇವೆ: "ನಿಮ್ಮ ಮಗು ಒಂದೇ ಸಮ ಎಷ್ಟು ಹೊತ್ತು ಆರಾಮಾಗಿ ಕೂರುತ್ತೆ?" ಫೋನ್ ಮಾಡಿದ ಆ ತಾಯಿಗೂ ಫಾರಂ ಕಳಿಸಿದ್ದೇನೆ. ಉತ್ತರಗಳೆಲ್ಲ ಬಂದ ಮೇಲೆ ದಾರಿ ಗೊತ್ತು ಮಾಡುತ್ತೇವೆ.