ಪಿಶಿಯೂ ಅಂದ್ರೆ ಹಣದ ದೇವರಲ್ಲ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ‘ಪಿಕ್ಸಿಯು’ ಅಂದ್ರೆ ಹಣದ ದೇವರು ಅಂತ ಬರೆದ ವರದಿ ಓದಿ ನಮ್ಮತ್ತೆ ಸೋಮವಾರವೇ ಬಸ್ ಸ್ಟ್ಯಾಂಡ್ ಹಿಂದಿನ ಅಂಗಡಿಗೆ ಹೋದರು. ಪಿಂಚಣಿ ದುಡ್ಡಲ್ಲಿ 1,800 ರೂಪಾಯಿ ಕೊಟ್ಟು ಕಪ್ಪು ಮಣಿಗಳ ಪಿಕ್ಸಿಯು ಬ್ರೇಸ್‌ಲೆಟ್ ತಂದರು. ಮೂರನೇ ದಿನಕ್ಕೆ ಎಲಾಸ್ಟಿಕ್ ಕಿತ್ತು ಮಣಿಗಳೆಲ್ಲ ಗ್ರೈಂಡರ್ ಕೆಳಗೆ ಉರುಳಿದವು. ಮಣಿಕಟ್ಟಿಗೆ ಕಪ್ಪು ಬಣ್ಣ ಬೇರೆ ಅಂಟಿತ್ತು.

ಹೆಸರೇ ತಪ್ಪು ಸ್ವಾಮಿ. ಚೀನಿ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಬರುವ ಎಕ್ಸ್ ಅನ್ನು ‘ಶ’ ಅಂತ ಓದಬೇಕು. ಪಿ-ಶಿಯೂ. ಅದಕ್ಕೆ ‘ಹಣದ ದೇವರು’ ಅನ್ನೋ ಅರ್ಥ ಎಲ್ಲಿಂದ ಬಂತು? ಅದು ಚೀನಿ ಪುರಾಣದ, ರೆಕ್ಕೆ ಇರುವ, ಸಿಂಹದಂಥ ಮೃಗ. ಕ್ರಿ.ಪೂ. 1ನೇ ಶತಮಾನದಲ್ಲಿದ್ದ ಚೀನಿ ಇತಿಹಾಸಕಾರ ಸಿಮಾ ಚಿಯಾನ್ ಹೇಳುವ ಕಥೆಯಲ್ಲಿ ‘ಹಳದಿ ಚಕ್ರವರ್ತಿ’ ಅನ್ನೋ ಪುರಾಣದ ರಾಜ ಕರಡಿ, ಹುಲಿಗಳ ಜೊತೆ ಪಿಶಿಯೂಗಳನ್ನೂ ಪಳಗಿಸಿ ಯುದ್ಧಕ್ಕೆ ಇಳಿಸುತ್ತಾನೆ. ಮುಂದೆ ಕೆಚ್ಚಿನ ಸೈನಿಕರನ್ನೂ ಅದೇ ಹೆಸರಿಂದ ಕರೆದರು.

ಹಣದ ನಂಟು ಬಂದಿದ್ದು ಜನಪದ ಕಥೆಯಿಂದ. ಪಿಶಿಯೂ ತಿನ್ನುವುದು ಬರೀ ಚಿನ್ನ, ಬೆಳ್ಳಿ. ಅದಕ್ಕೆ ಗುದವೇ ಇಲ್ಲ, ಒಳಗೆ ಹೋದದ್ದು ಹೊರಗೆ ಬರಲ್ಲ! ಅದಕ್ಕೇ ವ್ಯಾಪಾರಿಗಳು ಅದನ್ನು ಅಂಗಡಿಯಲ್ಲಿ ಇಟ್ಟುಕೊಳ್ಳೋದು. ಇಷ್ಟು ಚೆಂದದ ಕಥೆಯ ಒಂದು ಸಾಲೂ ನಿಮ್ಮ ವರದಿಯಲ್ಲಿ ಇಲ್ಲ. ಫೋಟೊದಲ್ಲಿ ಇದ್ದದ್ದಂತೂ ಬಾಯಲ್ಲಿ ನಾಣ್ಯ ಕಚ್ಚಿದ ಮೂರು ಕಾಲಿನ ಕಪ್ಪೆ. ಅದರ ಹೆಸರು ಜಿನ್ ಚಾನ್. ಕಪ್ಪೆಗೂ ಸಿಂಹಕ್ಕೂ ವ್ಯತ್ಯಾಸ ಗೊತ್ತಾಗಲ್ವಾ?

ಬ್ರೇಸ್‌ಲೆಟ್ ವಾಪಸ್ ಕೊಡೋಕೆ ಎರಡು ಬಸ್ ಬದಲಿಸಿ ಹೋದೆ. ಆಫೀಸಿಗೆ ಅರ್ಧ ದಿನ ರಜೆ. ‘ಮಾರಿದ ಮಾಲು ವಾಪಸ್ ಇಲ್ಲ’ ಅಂದರು. ರಸೀದಿ ಕೇಳಿದರೆ ಪೇಪರ್ ಕಟಿಂಗ್ ತೋರಿಸಿದರು, ನಿಮ್ಮದೇ ಪೇಪರ್! ದೂರು ಕೊಡೋಕೆ ಸರ್ಕಾರಿ ಕಚೇರಿಗೆ ಹೋದರೆ ಸಾಹೇಬರು ಮೀಟಿಂಗ್‌ನಲ್ಲಿ ಇದ್ದರು. ಎರಡು ವರ್ಷದ ಹಿಂದೆ ಗ್ಯಾಸ್ ಸಿಲಿಂಡರ್ ತೂಕ ಕಡಿಮೆ ಇದೆ ಅಂತ ಹೋದಾಗಲೂ ಮೀಟಿಂಗೇ. ಆ ಅರ್ಜಿಗೆ ಇವತ್ತಿನವರೆಗೂ ಉತ್ತರ ಇಲ್ಲ.

ನೀವು ತಿದ್ದುಪಡಿ ಹಾಕಬೇಕು, ಒಳ್ಳೇ ಜಾಗದಲ್ಲಿ, ಸರಿಯಾದ ಚಿತ್ರದ ಜೊತೆ. ಅಧಿಕಾರಿಗಳು ಅಂಗಡಿಗಳಿಗೆ ಒಮ್ಮೆಯಾದರೂ ಹೋಗಿ ನೋಡಬೇಕು. ಏನಾದರೂ ಮಾಡಿ, ಸುಮ್ನೆ ಕೂರಬೇಡಿ. ವಯಸ್ಸಾದವರು ಅಚ್ಚಾಗಿದ್ದನ್ನೆಲ್ಲ ನಂಬುತ್ತಾರೆ ಅನ್ನೋದು ನಿಮಗೆ ಗೊತ್ತಿಲ್ಲವೇ?

– ನೊಂದ ಓದುಗಿ