ವೈವಾ ಮುಗಿಯಿತು, ಜೊತೆಗಿದ್ದವರಿಗೆಲ್ಲ ಥ್ಯಾಂಕ್ಸ್

ನಿನ್ನೆ ಪಿಎಚ್‌ಡಿ ವೈವಾ, ಅಂದ್ರೆ ಕೊನೆಯ ಮೌಖಿಕ ಪರೀಕ್ಷೆ, ಮುಗಿಯಿತು. ಆರು ವರ್ಷ ಹಿಡಿಯಿತು. ನಡುವೆ ಅಪ್ಪ ತೀರಿಕೊಂಡಾಗ ಇನ್ನು ಸಾಕು ಅಂತ ಪುಸ್ತಕಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದ್ದೆ. ಅವನ್ನು ಇಳಿಸಿಕೊಟ್ಟವಳು ಅಮ್ಮ.

ನನ್ನ ಪ್ರಬಂಧ ಜೋಗೇಂದ್ರನಾಥ್ ಮಂಡಲ್ ಬಗ್ಗೆ. ಅವರು ಯಾರು ಅಂತ ಈಗಲೂ ಕೇಳುತ್ತಾರೆ. 1904ರಲ್ಲಿ ಈಗಿನ ಬಾಂಗ್ಲಾದೇಶದ ಬಾರಿಸಾಲ್ ಕಡೆಯ ಹಳ್ಳಿಯೊಂದರಲ್ಲಿ, ಬಂಗಾಳದ ದಲಿತ ಸಮುದಾಯವಾದ ನಾಮಶೂದ್ರರ ಮನೆಯಲ್ಲಿ ಹುಟ್ಟಿದವರು. ಲಾ ಓದಿ ವಕೀಲರಾದರು. 1937ರಲ್ಲಿ ಮೀಸಲಲ್ಲದ ಕ್ಷೇತ್ರದಲ್ಲಿ ಪಕ್ಷೇತರರಾಗಿ ನಿಂತು ಬಂಗಾಳದ ಶಾಸನಸಭೆಗೆ ಗೆದ್ದರು. 1946ರಲ್ಲಿ ಅಂಬೇಡ್ಕರ್ ಅವರಿಗೆ ಬಾಂಬೆಯಿಂದ ಸಂವಿಧಾನ ಸಭೆಗೆ ಹೋಗುವ ದಾರಿ ಮುಚ್ಚಿದಾಗ ಬಂಗಾಳದಿಂದ ಗೆಲ್ಲಿಸಿ ಕಳಿಸಲು ಓಡಾಡಿದವರಲ್ಲಿ ಮಂಡಲ್ ಮುಖ್ಯರು. ಇದನ್ನು ಓದಿದ ದಿನವೇ ಇವರ ಬಗ್ಗೆ ಬರೆಯಬೇಕು ಅನ್ನಿಸಿತು. ಮರುವರ್ಷ ದೇಶ ಇಬ್ಭಾಗವಾದಾಗ ಇಲ್ಲಿ ಭಾರತದಲ್ಲಿ ಅಂಬೇಡ್ಕರ್, ಅಲ್ಲಿ ಪಾಕಿಸ್ತಾನದಲ್ಲಿ ಮಂಡಲ್: ಎರಡೂ ದೇಶಗಳ ಮೊದಲ ಕಾನೂನು ಮಂತ್ರಿಗಳು ದಲಿತ ವಕೀಲರೇ.

ಬಡ ಮುಸ್ಲಿಂ ರೈತನ ಕಷ್ಟ, ತನ್ನ ಜನರ ಕಷ್ಟ ಎರಡೂ ಒಂದೇ ಅಂತ ಅವರು ನಂಬಿದ್ದರು. 1950ರಲ್ಲಿ ಪಾಕಿಸ್ತಾನಕ್ಕೆ ಸೇರಿದ್ದ ಪೂರ್ವ ಬಂಗಾಳದಲ್ಲಿ ಹಿಂಸೆ ನಡೆದು ತಮ್ಮ ಜನರೇ ಸತ್ತು, ಊರು ಬಿಟ್ಟು ಓಡಿದಾಗ ಆ ನಂಬಿಕೆ ಮುರಿಯಿತು. ಕಲ್ಕತ್ತಕ್ಕೆ ಬಂದು ಅಕ್ಟೋಬರ್‌ನಲ್ಲಿ ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟರು. ಆಮೇಲೆ ಇಲ್ಲಿ ಚುನಾವಣೆಗಳಲ್ಲಿ ಸೋತರು. 1968ರಲ್ಲಿ ತೀರಿಕೊಂಡರು.

ಸೋತವನ ಮೇಲೆ ಯಾಕೆ ಸುಮ್ನೆ ವರ್ಷಗಳನ್ನು ಕಳೆಯುತ್ತೀಯ ಅಂದವರಿದ್ದರು. ನನ್ನ ಗೈಡ್ ಮೇಡಂ ಒಂದು ಸಲವೂ ಹಾಗೆ ಅನ್ನಲಿಲ್ಲ. ಮೇಡಂ, ನಿಮಗೆ ನಾನು ಋಣಿ.

ಎಲ್ಲಕ್ಕಿಂತ ಜಾಸ್ತಿ ಥ್ಯಾಂಕ್ಸ್ ಹೇಳಬೇಕಾದ್ದು ಹಾಸ್ಟೆಲ್ ಗೆಳೆಯನ ಅಜ್ಜಿಗೆ. ಕೋಲ್ಕತ್ತದಲ್ಲಿ ಎರಡು ತಿಂಗಳು ನನ್ನನ್ನು ಮನೆಯಲ್ಲಿಟ್ಟುಕೊಂಡು ಅನ್ನ ಹಾಕಿದರು. ಅವರೂ ಬಾರಿಸಾಲ್‌ನವರೇ, 1950ರಲ್ಲಿ ಗಡಿ ದಾಟಿ ಬಂದ ಹುಡುಗಿ. ಮಂಡಲ್ ಹೆಸರು ಕೇಳಿದ್ದೇ ಸಿಟ್ಟಾದರು. ಅವರ ಮಾತು ನಂಬಿ ಅಲ್ಲೇ ಉಳಿದೆವು, ಅದಕ್ಕೇ ಎಲ್ಲ ಕಳಕೊಂಡೆವು ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ಸಂಜೆ ಆ ರಾಜೀನಾಮೆ ಪತ್ರವನ್ನು ಮೊಮ್ಮಗ ಬಂಗಾಳಿಯಲ್ಲಿ ಓದಿ ಹೇಳಿದ. ಅದರಲ್ಲಿ ಮಂಡಲ್ ಊರುಗಳ ಹೆಸರು ಹಿಡಿದೇ ಏನೇನಾಯಿತು ಅಂತ ಬರೆದಿದ್ದಾರೆ. ಅಜ್ಜಿ ಕಣ್ಣು ಮುಚ್ಚಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಾವಾಗಿ ಹೇಳತೊಡಗಿದರು. ನನ್ನ ನಾಲ್ಕನೇ ಅಧ್ಯಾಯ ಹುಟ್ಟಿದ್ದು ಅಲ್ಲಿ.

ಮುಂದಿನ ತಿಂಗಳು ಅವರಿಗೊಂದು ಪ್ರತಿ ಕೊಡಲು ಹೋಗುತ್ತಿದ್ದೇನೆ. ಅವರಿಗೆ ಕನ್ನಡ ಬರುವುದಿಲ್ಲ ಅಲ್ವಾ, ಅರ್ಪಣೆಯ ಪುಟದಲ್ಲಿ ಬಾರಿಸಾಲ್ ಅನ್ನುವ ಒಂದು ಪದವನ್ನು ಬಂಗಾಳಿ ಅಕ್ಷರದಲ್ಲಿ ಹಾಕಿಸಿದ್ದೇನೆ.